ರಂಗನಿಗೊಂದು ಕಸುಬು ಹುಡುಕಿ ನಾಲ್ಕು ಊರು

ಸೋಮವಾರ ಬೆಳಗ್ಗೆ ಏಳರ ಬಸ್ಸಿಗೆ ನಾನು ಮತ್ತು ನನ್ನ ಮಗ ರಂಗ ಸಾಲಗಾಮೆಯಿಂದ ಹೊರಟೆವು. ಕೈಚೀಲದಲ್ಲಿ ಎರಡೆರಡು ಜೊತೆ ಬಟ್ಟೆ, ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಅರವತ್ತರ ದಶಕ ಶುರುವಾಗಿ ಎರಡು ಮೂರು ವರ್ಷ ಕಳೆದಿತ್ತು. ರಂಗನಿಗೆ ಹತ್ತೊಂಬತ್ತು ತುಂಬಿತ್ತು. ಮೀಸೆ ಬಂದಿತ್ತು, ಮಾತು ಸರಿಯಾಗಿ ಬಂದಿರಲಿಲ್ಲ. ನಾವು ಆಡಿದ ಕೊನೆಯ ಮಾತನ್ನೇ ತಿರುಗಿ ಹೇಳುತ್ತಿದ್ದ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮನೆ ಮುಂದೆ ಬೇಲಿಯಿಂದ ಬಾವಿಗೆ, ಬಾವಿಯಿಂದ ಬೇಲಿಗೆ ದಿನವಿಡೀ ನಡೆಯುತ್ತಿದ್ದ. ಇದಕ್ಕೆ ಆಟಿಸಂ ಎನ್ನುತ್ತಾರೆಂದು ಈಗ ಡಾಕ್ಟರುಗಳು ಹೇಳುತ್ತಾರೆ. ಆಗ ನಮ್ಮೂರಿನವರು ಇಟ್ಟಿದ್ದ ಹೆಸರುಗಳನ್ನು ಇಲ್ಲಿ ಬರೆಯಲು ನನಗೆ ಇಷ್ಟವಿಲ್ಲ.

ನಾನು ಗಾರೆ ಕೆಲಸದ ಮೇಸ್ತ್ರಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ನಾನು ಎಬ್ಬಿಸಿದ ಗೋಡೆಗಳಲ್ಲಿ ಒಂದೂ ಇವತ್ತಿನವರೆಗೆ ಬಿರುಕು ಬಿಟ್ಟಿಲ್ಲ. ಅಂಥವನಿಗೆ ಹೆತ್ತ ಮಗನ ಕೈಗೆ ಒಂದು ಕರಣೆ ಹಿಡಿಸಲು ಆಗಲಿಲ್ಲ. ಕಲಸಿದ ಗಾರೆ ಬೆರಳಿಗೆ ತಾಗಿದರೆ ಸಾಕು, ಕಿರುಚಿಕೊಂಡು ಓಡುತ್ತಿದ್ದ. ನಾನು ಕಣ್ಣು ಮುಚ್ಚಿದ ಮೇಲೆ ಇವನು ಯಾರ ಬಾಗಿಲಲ್ಲಿ ಕೈಯೊಡ್ಡಬೇಕು ಎನ್ನುವುದೊಂದೇ ಯೋಚನೆ. ಅದಕ್ಕೇ ಈ ಪ್ರಯಾಣ.

ಹಾಸನದಲ್ಲಿ ಯಂತ್ರದ ಕೆಲಸ ಕಲಿಸುವ ಶಾಲೆಗೆ ಹೋದೆವು. ಕಬ್ಬಿಣವನ್ನು ಮೂಲಂಗಿ ಹೆರೆದ ಹಾಗೆ ಹೆರೆಯುವ ಯಂತ್ರವನ್ನು ಅಲ್ಲಿ ನೋಡಿದೆ. ನಮ್ಮ ಜಿಲ್ಲೆಯ ಹುಡುಗರು ಇಂಥದ್ದನ್ನು ನಡೆಸುತ್ತಾರಲ್ಲ ಎಂದು ಎದೆಯುಬ್ಬಿತು. ಅಧಿಕಾರಿ ನಮ್ಮನ್ನು ಕೂರಿಸಿ ಕಾಫಿ ತರಿಸಿದರು. ಆದರೆ ಎಂಟನೇ ಕ್ಲಾಸು ಪಾಸಾಗದವರನ್ನು ಸೇರಿಸಿಕೊಳ್ಳುವ ಹಾಗಿರಲಿಲ್ಲ. ಅರಕಲಗೂಡಿನಲ್ಲಿ ಒಬ್ಬ ನೇಕಾರರು ಹುಡುಗರಿಗೆ ಮಗ್ಗ ಕಲಿಸುತ್ತಾರೆ, ಅಲ್ಲಿ ಕೇಳಿ ನೋಡಿ ಎಂದು ಅವರೇ ಚೀಟಿ ಬರೆದುಕೊಟ್ಟರು.

ಅರಕಲಗೂಡಿಗೆ ತಲಾ ಎಂಬತ್ತು ಪೈಸೆ ಟಿಕೇಟು. ದಾರಿಯುದ್ದಕ್ಕೂ ಧೂಳು. ರಂಗ ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಂದ. ನೇಕಾರರ ಹೆಸರು ಶಿವಣ್ಣ, ಅರವತ್ತರ ಹತ್ತಿರದ ವಯಸ್ಸು. ಹನ್ನೆರಡು ಮಗ್ಗ ಒಂದೇ ಕೊಟ್ಟಿಗೆಯಲ್ಲಿ ಲಟಪಟ ಎನ್ನುತ್ತಿದ್ದವು. ರಂಗ ಹೊಸ್ತಿಲಲ್ಲೇ ಕಿವಿ ಮುಚ್ಚಿಕೊಂಡು ಕುಕ್ಕರಿಸಿದ. ಶಿವಣ್ಣ ಅವನನ್ನು ನೋಡಿದರು. ಒಳಗೆ ಹೋಗಿ ಹನ್ನೆರಡು ಮಗ್ಗವನ್ನೂ ನಿಲ್ಲಿಸಿದರು. ದುಡಿಮೆಯ ಹೊತ್ತಿನಲ್ಲಿ ಯಾರಿಗೋಸ್ಕರವೂ ಯಾರೂ ಹಾಗೆ ನಿಲ್ಲಿಸಿದ್ದನ್ನು ನಾನು ಕಂಡಿರಲಿಲ್ಲ. ರಂಗ ಎದ್ದು ಒಳಗೆ ಹೋಗಿ ನೂಲಿನ ಸಾಲುಗಳ ಪಕ್ಕ ಬಹಳ ಹೊತ್ತು ನಿಂತ.

"ಇವತ್ತು ನಿಲ್ಲಿಸ್ದೆ ಮೇಸ್ತ್ರಿ, ದಿನಾ ನಿಲ್ಸಾಕಾಯ್ತದಾ?" ಎಂದು ಶಿವಣ್ಣನವರು ಬೇಜಾರಿನಲ್ಲೇ ಹೇಳಿದರು. ಚನ್ನರಾಯಪಟ್ಟಣದಲ್ಲಿ ಬಯಲಿನಲ್ಲಿ ತೆಂಗಿನ ನಾರು ಹೊಸೆಯುವುದನ್ನು ಕಲಿಸುವ ಒಂದು ಕೇಂದ್ರವಿದೆ, ಅಲ್ಲಿ ಗಲಾಟೆ ಇಲ್ಲ, ಗೌರಮ್ಮ ಎಂಬವರು ನಡೆಸುತ್ತಾರೆ ಎಂದರು. ಆ ದಿನ ಅವರ ಮನೆಯಲ್ಲೇ ಮುದ್ದೆ, ಅವರೆಕಾಳಿನ ಸಾರು ಉಂಡು ಜಗಲಿಯಲ್ಲಿ ಮಲಗಿದೆವು.

ಮಂಗಳವಾರ ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಹೇಮಾವತಿ ಹೊಳೆಯಲ್ಲಿ ಕೈಕಾಲು ತೊಳೆದು ಹೋಟೆಲಿಗೆ ಹೋದೆವು. ಇಡ್ಲಿ ಚೆನ್ನಾಗಿತ್ತು. ತಿಂದವನೇ ರಂಗ ಬಾಗಿಲಿನಿಂದ ಗಲ್ಲಾಕ್ಕೆ, ಗಲ್ಲಾದಿಂದ ಬಾಗಿಲಿಗೆ ನಡೆಯತೊಡಗಿದ. ಎಲೆಯಡಿಕೆ ಹಾಕುತ್ತಿದ್ದ ಒಬ್ಬ, "ಏನ್ಲಾ, ಓಟ್ಲು ಅಳತೆ ಮಾಡ್ತಿದ್ದೀಯಾ, ತಗೊಂಡ್ಬುಡ್ತೀಯಾ?" ಎಂದ. ಎಲ್ಲರೂ ನಕ್ಕರು. "ತಗೊಂಡ್ಬುಡ್ತೀಯಾ" ಎಂದು ರಂಗನೂ ಹೇಳಿದ. ನಾನು ಅವನ ರಟ್ಟೆ ಹಿಡಿದು ಕೂರಿಸಿದೆ. ಹೋಟೆಲಿನ ಸಾಹುಕಾರ ಒಳ್ಳೆಯ ಮನಸ್ಸಿನಿಂದಲೇ ಕೇಳಿದ, ನೀರು ಸೇದಲು ಇವನನ್ನು ಇಲ್ಲೇ ಬಿಡಿ, ಎರಡು ಹೊತ್ತು ಊಟ ಹಾಕುತ್ತೇನೆ ಎಂದು. ನನಗೆ ಮೈ ಉರಿಯಿತು. "ಊಟ ನಮ್ಮನೇಲೂ ಐತೆ ಸಾ. ಕಸುಬು ಕಲಿಸಾಕೆ ಕರ್ಕಂಡೋಯ್ತಿದ್ದೀನಿ" ಎಂದೆ.

ಸಂಜೆ ಚನ್ನರಾಯಪಟ್ಟಣ ಸೇರಿ ಛತ್ರದಲ್ಲಿ ತಂಗಿದೆವು. ಬುಧವಾರ ಬೆಳಗ್ಗೆ ಕೇಂದ್ರ ಹುಡುಕಿಕೊಂಡು ಹೋದೆವು. ಊರಾಚೆ ಹಾಸನದ ರಸ್ತೆಗೆ ತಾಗಿದ ಬಯಲು. ಒಂದು ತುದಿಯಲ್ಲಿ ರಾಟೆಗಳು. ರಾಟೆಯನ್ನು ಒಬ್ಬರು ತಿರುವುತ್ತಾರೆ. ಹೊಸೆಯುವವರು ಸೊಂಟದಲ್ಲಿ ನಾರಿನ ಕಂತೆ ಇಟ್ಟುಕೊಂಡು, ಎಳೆ ಬಿಡುತ್ತಾ ಬಿಡುತ್ತಾ ಹಿಂದಕ್ಕೆ ನಡೆಯುತ್ತಾರೆ. ಬಯಲಿನ ಕೊನೆಯ ಗೂಟ ಮುಟ್ಟಿದರೆ ಒಂದು ಹುರಿ. ಮತ್ತೆ ರಾಟೆಯ ಹತ್ತಿರ ಬಂದು ಶುರು.

ಗೌರಮ್ಮನವರಿಗೆ ನಲವತ್ತೈದು ಇರಬಹುದು, ಸೀರೆಯ ತುಂಬ ನಾರಿನ ಪುಡಿ. ನಾನು ರಂಗನ ವಿಷಯ ಹೇಳಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು. ರಂಗ ಆಗಲೇ ಹೊಸೆಯುವವಳೊಬ್ಬಳ ಪಕ್ಕ ಹೋಗಿ, ಅವಳ ಹೆಜ್ಜೆಗೆ ಹೆಜ್ಜೆ ಹಾಕಿ ಹಿಂದಕ್ಕೆ ನಡೆಯುತ್ತಿದ್ದ. ಗೂಟದ ತನಕ ಹೋದ. ಮತ್ತೆ ಬಂದ. ಅವತ್ತು ದಿನಪೂರ್ತಿ ಬರಿಗೈಯಲ್ಲೇ ನಡೆಯಲು ಬಿಟ್ಟರು. ನಡೆಯುವುದು ಕಲಿಯಲು ನಾಲ್ಕೂರು ಸುತ್ತಬೇಕಿತ್ತೇ ಎಂದು ನಾನು ಒಳಗೊಳಗೇ ಕುದಿದೆ.

ಗುರುವಾರ ಅವನ ಸೊಂಟಕ್ಕೆ ನಾರು ಕಟ್ಟಿದರು. ಅದು ಚುಚ್ಚಿತು. ಕಿತ್ತು ಎಸೆದ. ನನಗೆ ಮಾನ ಹೋದಂತಾಯಿತು. ಓಡಿ ಹೋಗಿ, ಗದರಿಸಿ, ಕಂತೆಯನ್ನು ಬಿಗಿಯಾಗಿ ನಾನೇ ಕಟ್ಟಿದೆ. ರಂಗ ನೆಲಕ್ಕೆ ಬಿದ್ದು ತಲೆ ಚಚ್ಚಿಕೊಂಡ. ರಾಟೆಗಳೆಲ್ಲ ನಿಂತವು. ಗೌರಮ್ಮ ಬಂದು ಕಂತೆ ಬಿಚ್ಚಿ, ಅವನ ಮೈ ಮುಟ್ಟದೆ, ಸ್ವಲ್ಪ ದೂರದಲ್ಲಿ ಸುಮ್ಮನೆ ಕುಳಿತರು. ಅವನು ತಣ್ಣಗಾದ ಮೇಲೆ ನನ್ನ ಹತ್ತಿರ ಬಂದರು.

"ನನ್ ತಮ್ಮನೂ ಇಂಗೇ ಇದ್ದ ಮೇಸ್ತ್ರಿ. ನಾವು ಅವನ್ನ ಕಂಬಕ್ಕೆ ಕಟ್ಟಾಕಿದ್ವಿ, ಸಾಯೋಗಂಟ. ನೀವು ಕಟ್ಟಬ್ಯಾಡಿ."

ನಾನು ಬಿಚ್ಚಿ ಬಿದ್ದಿದ್ದ ಕಂತೆಯನ್ನು ಎತ್ತಿ ಪಕ್ಕಕ್ಕಿಟ್ಟೆ.

"ಒಂದು ಮಟ್ಟೆ ನೀರಲ್ಲಿ ಎಷ್ಟು ತಿಂಗ್ಳು ನೆನೀತದೆ ಗೊತ್ತಾ ನಿಮಗೆ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. "ನಾರು ಬಿಡಾಕೆ ಆರು ತಿಂಗ್ಳಾದ್ರೂ ಬೇಕು. ತೆಂಗಿನಕಾಯಿ ಸಿಪ್ಪೆಗೇ ಅಷ್ಟು ಕಾಯ್ತೀವಿ" ಎಂದು ಎದ್ದು ಹೋದರು.

ಮಧ್ಯಾಹ್ನ ಅವರು ತಮ್ಮ ಹಳೆಯ ಸೀರೆ ಹರಿದು ಒಂದು ಚೀಲ ಹೊಲಿದರು. ನಾರನ್ನು ಅದರೊಳಗೆ ತುಂಬಿ ಗೂಟಕ್ಕೆ ನೇತುಹಾಕಿ ಹೋದರು. ಬಹಳ ಹೊತ್ತಾದ ಮೇಲೆ ರಂಗ ಅದನ್ನು ತಾನೇ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಸಂಜೆಗೆ ಒಂದು ಹುರಿ ಬಂತು. ಒಂದು ಕಡೆ ಹೆಬ್ಬೆರಳು ದಪ್ಪ, ಇನ್ನೊಂದು ಕಡೆ ಜನಿವಾರ. ಗೌರಮ್ಮ ಅದನ್ನು ಎಳೆದು ನೋಡಿ, "ಎಮ್ಮೆಗಾಗಕಿಲ್ಲ, ಕೋಳಿ ಕಟ್ಟಬೋದು" ಎಂದರು. ಬಯಲಿನವರೆಲ್ಲ ನಕ್ಕರು. ಈ ಸಲ ನಾನೂ ನಕ್ಕೆ.

ಅವನನ್ನು ಆರು ತಿಂಗಳು ಇಲ್ಲೇ ಬಿಡಿ, ನಮ್ಮ ಪಡಸಾಲೆಯಲ್ಲಿ ಮಲಗಲಿ, ಸೋಮವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗಿ ಎಂದು ಗೌರಮ್ಮ ಹೇಳಿದರು. ನೀವು ಇಲ್ಲೇ ಇದ್ದರೆ ಅವನಿಗಿಂತ ಮೊದಲು ನಿಮ್ಮ ಕೈ ಮುಂದೆ ಬರುತ್ತದೆ ಎಂದೂ ಹೇಳಿದರು. ಮಗನ ಕಣ್ಣು ತಪ್ಪಿಸಿ ಕದ್ದು ಹೋಗಬಾರದು, ಅವನಿಗೆ ಹೇಳಿಯೇ ಹೋಗಬೇಕು ಎಂದು ಕಟ್ಟುಮಾಡಿದರು. ಇಪ್ಪತ್ತೈದು ಆಳನ್ನು ಆಳುವವನು ನಾನು. ಯಾರಿಂದಲೂ ಹೀಗೆ ಹೇಳಿಸಿಕೊಂಡವನಲ್ಲ. ಆದರೂ ಆ ಹೆಂಗಸಿಗೆ ಕೈ ಮುಗಿದೆ.

ಶುಕ್ರವಾರ ಬೆಳಗ್ಗೆ ರಂಗನ ಪಕ್ಕದಲ್ಲಿ ನಿಂತು, "ಅಪ್ಪ ಊರಿಗೆ ಓಯ್ತಾನೆ ಕಣಪ್ಪ. ಸೋಮವಾರ ಬತ್ತಾನೆ" ಎಂದೆ.

"ಸೋಮವಾರ ಬತ್ತಾನೆ" ಎಂದ. ರಾಟೆಯ ಕಡೆ ಹೊರಟ.

ಹಾಸನದ ಬಸ್ಸು ಆ ಬಯಲಿನ ಪಕ್ಕದಲ್ಲೇ ಹೋಗಬೇಕು. ನಾನು ಕಿಟಕಿಯ ಹತ್ತಿರ ಕುಳಿತಿದ್ದೆ. ರಂಗ ಹಿಂದಕ್ಕೆ ನಡೆಯುತ್ತಾ ರಸ್ತೆಯ ಕಡೆಗೇ ಬರುತ್ತಿದ್ದ. ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಎತ್ತಿನ ಗಾಡಿಯೊಂದು ಅಡ್ಡ ಬಂದು ಬಸ್ಸು ನಿಂತಿತು. ಕೂಗಿದರೆ ಕೇಳುವಷ್ಟು ಹತ್ತಿರ. ಎದ್ದು ನಿಂತು ಅವನ ಹೆಸರು ಹಿಡಿದು ಕೂಗಲು ಬಾಯಿ ತೆರೆದೆ. ಆದರೆ ಅವನ ಬೆರಳ ನಡುವೆ ಎಳೆ ಓಡುತ್ತಿತ್ತು. ತಿರುಗಿ ನೋಡಿದರೆ ಅದು ತುಂಡಾಗುತ್ತದೆ. ಬಾಯಿ ಮುಚ್ಚಿ ಕುಳಿತೆ. ಗಾಡಿ ಸರಿದು ಬಸ್ಸು ಹೊರಟಾಗ ರಂಗನಿಗೆ ಗೂಟ ಮುಟ್ಟಲು ಇನ್ನು ನಾಲ್ಕೇ ಹೆಜ್ಜೆ ಇತ್ತು.