ಬೀಗರೂಟಕ್ಕೆ ಸಾಕಿದ ಕಾಟ್ಲಾ

ಕಳೆದ ವಾರ ಮಳವಳ್ಳಿಯ ಮೇವಿನ ಅಂಗಡಿಯವರು ಮೀನಿನ ಮೇವಿನ ಹೊಸ ಚೀಲವೊಂದರ ಬಾಯಿ ಬಿಚ್ಚಿ ನನ್ನ ಮುಂದೆ ಹಿಡಿದರು. “ಇದ್ರಲ್ಲಿ ಮೀನಿನ ಪುಡಿ ಇಲ್ಲ ಸಾರ್, ಎಲ್ಲಾ ರೇಸ್ಮೆ ಉಳದ ಪುಡೀನೇ” ಎಂದರು. ಹಳಸಿದ ಎಣ್ಣೆಯಂಥ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ನಮ್ಮ ಪಕ್ಕದ ಮನೆಯಕ್ಕನ ನೆನಪು...

ಅಕ್ಕ ರೇಷ್ಮೆ ನೂಲು ತೆಗೆಯುವ ಕಡೆ ಬಿಸಿನೀರಿನ ಮುಂದೆ ಕೂತು ಗೂಡು ಬಿಚ್ಚುತ್ತಿದ್ದವರು. ನೂಲು ಹೋದ ಮೇಲೆ ಉಳಿಯುವ ಸತ್ತ ಹುಳದ ವಾಸನೆ ಅವರ ಸೀರೆಗೂ ಕೈಗೂ ಹತ್ತಿಕೊಂಡಿತ್ತು. ಕೊಪ್ಪದ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು. ನಾನೂ ಒಂದೆರಡು ಸಲ ನಿಂತುಕೊಂಡೇ ಊರಿಗೆ ಬಂದಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆದರೆ ಗದ್ದೆಯ ಮೂಲೆಯಲ್ಲಿ ಹೊಂಡ ತೆಗೆಸಿ ಕಾಟ್ಲಾ ಮೀನಿನ ಮರಿ ಬಿಟ್ಟಾಗ, ಅವರಿಂದಲೇ ಹುಳ ತರಿಸಿ, ಒಣಗಿಸಿ, ಪುಡಿ ಮಾಡಿ ಹಾಕತೊಡಗಿದೆ. ಕಾಟ್ಲಾಗಳು ತಿಂದು ಗುಂಡಗಾದವು. ನನ್ನ ಜಂಬವೂ ಅಷ್ಟೇ ಗುಂಡಗಾಯಿತು. ತಂಗಿಯ ಮದುವೆ ಗೊತ್ತಾದಾಗ ಸೋಮನಹಳ್ಳಿಯ ಬೀಗರ ಮುಂದೆ, “ಬೀಗರೂಟಕ್ಕೆ ಮಟನ್ ಜೊತೆ ನಮ್ಮ ಹೊಂಡದ್ದೇ ಮೀನು” ಎಂದುಬಿಟ್ಟೆ.

ಊಟಕ್ಕೆ ಇಪ್ಪತ್ತು ದಿನ ಇತ್ತು. ರುಚಿ ನೋಡಲೆಂದು ಒಂದು ಮೀನು ಹಿಡಿದು ಸಾರು ಮಾಡಿಸಿದೆ. ನನಗೆ ಅಮೃತ. ಹೆಂಡತಿ ಮೊದಲ ತುತ್ತಿಗೇ ತಟ್ಟೆ ಪಕ್ಕಕ್ಕೆ ಸರಿಸಿದಳು.

“ಉಳದ್ ವಾಸ್ನೆ ಕಣ್ರೀ. ನಿಮ್ಗೆ ಗೊತ್ತಾಗ್ತಿಲ್ವಾ?”

ಗೊತ್ತಾಗುತ್ತಿರಲಿಲ್ಲ. ದಿನಾ ಹುಳ ಕಲಸಿ ಕಲಸಿ ನನ್ನ ಮೂಗು ಸತ್ತಿತ್ತು. ಬೀಗರೂಟದಲ್ಲಿ ಎಲೆಯ ಮೇಲೆ ಮೀನು ಉಳಿದರೆ ಹೆಣ್ಣಿನ ಕಡೆಯವರ ಮಾನ ಏನಾಗುತ್ತದೆಂದು ನಮ್ಮ ಸೀಮೆಯವರಿಗೆ ಹೇಳಬೇಕಿಲ್ಲ. ಆ ಮಾತು ತಂಗಿಯ ಬೆನ್ನಿಗೆ ಸಾಯುವತನಕ ಅಂಟಿಕೊಂಡಿರುತ್ತದೆ. ಅಕ್ಕನ ಮನೆಗೆ ಓಡಿದೆ.

ಅಕ್ಕ ನಗಲೂ ಇಲ್ಲ, ಬೈಯಲೂ ಇಲ್ಲ. “ನಮ್ ಕೋಳಿಗೂ ಇಂಗೇ ಆಗಿತ್ತು ಕಣ್ಲಾ. ಉಳ ತಿಂದು ಮೊಟ್ಟೆಯೆಲ್ಲಾ ನಾತ. ನಿಲ್ಲುಸ್ದೆ, ಓಯ್ತು. ಇವತ್ತಿಂದ ಬರೀ ತೌಡು, ಕಳ್ಳೆಕಾಯ್ ಇಂಡಿ ಆಕು. ಒಸ ನೀರು ಬುಡು.”

ಹಾಗೇ ಮಾಡಿದೆ. ತೌಡು ಹಿಂಡಿ ಕಲಸಿ, ತೂತು ಮಾಡಿದ ಚೀಲಕ್ಕೆ ತುಂಬಿ, ಹೊಂಡದಲ್ಲಿ ನೆಟ್ಟ ಬಿದಿರಿನ ಗಳಕ್ಕೆ ಕಟ್ಟಿ ನೀರಿಗಿಳಿಸಿದೆ. ಹುಳದ ರುಚಿ ಕಂಡಿದ್ದ ಮೀನುಗಳು ಎರಡು ದಿನ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಕ್ಕ, ಮೀನು ವಾಸನೆಗೆ ಬರಲೆಂದು, ಒಂದು ಹಿಡಿ ಬೆಳ್ಳುಳ್ಳಿ ಜಜ್ಜಿ ತಂದು ಕಲಸಿದರು. ಇಬ್ಬರೂ ದಡದಲ್ಲಿ ಕೂತು ಕಾದೆವು. ಗಳ ಅಲ್ಲಾಡಿತು. ಇನ್ನೊಂದು ಸಲ ಅಲ್ಲಾಡಿತು. ಅಕ್ಕ ಎದ್ದು, ಸೀರೆ ಕೊಡವಿಕೊಂಡು ಕೆಲಸಕ್ಕೆ ಹೋದರು.

ಬೀಗರೂಟದ ದಿನ ಬೆಳಿಗ್ಗೆ ಮೊದಲ ಮೀನು ಕರಿದಾಗ ನಾನು ಅದನ್ನು ಅಕ್ಕನ ಮುಂದೆ ಹಿಡಿದೆ. “ನನ್ ಮೂಗು ಯಾವತ್ತೋ ಓಯ್ತು. ನಿನ್ ಎಂಡ್ರುಗೆ ಕೊಡು” ಎಂದರು. ಹೆಂಡತಿ ತಿಂದಳು. ಇನ್ನೊಂದು ತುಂಡಿಗೆ ಕೈ ಚಾಚಿದಳು. ನಾನು ಒಲೆಗೆ ಸೌದೆ ಒಟ್ಟಿ, ಉಳಿದ ಮೀನನ್ನೂ ಕರಿಯಲು ಹೇಳಿದೆ. ಮಧ್ಯಾಹ್ನ ತಂಗಿಯ ಮಾವ ಮೂರು ಸಲ ಮೀನು ಹಾಕಿಸಿಕೊಂಡರು. ಇವತ್ತಿಗೂ ಹಬ್ಬಕ್ಕೆ ಬಂದರೆ ಹೊಂಡದ ಕಡೆ ಒಮ್ಮೆ ಹೋಗಿಯೇ ಬರುತ್ತಾರೆ.

ಅಕ್ಕ ಅವತ್ತು ಕೊನೆಯ ಪಂಕ್ತಿಯಲ್ಲಿ, ಒಂದು ತುದಿಗೆ ಕೂತಿದ್ದರು. ಪಕ್ಕದಲ್ಲಿ ನಾನು ಕೂತೆ. ಅವರು ಒಮ್ಮೆ ನನ್ನ ಕಡೆ ನೋಡಿ, ಮುದ್ದೆ ಮುರಿದರು...

ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಹುಳ ಕಲಸುವುದನ್ನು ಬಿಟ್ಟ ಮೇಲೆ ನನ್ನ ಮೂಗು ಮತ್ತೆ ಸರಿಹೋಗಿದೆ.

ಮಳವಳ್ಳಿಯಲ್ಲಿ ಆ ಚೀಲವನ್ನೇ ಕೊಂಡೆ. ಮೀನು ಹಿಡಿಯುವ ಹದಿನೈದು ದಿನ ಮೊದಲು ಇದನ್ನು ನಿಲ್ಲಿಸಬೇಕೆಂದು ಅಂಗಡಿಯವರಿಗೇ ಹೇಳಿಬಂದೆ. ಮದ್ದೂರಿನಲ್ಲಿ ಕೊಪ್ಪದ ಬಸ್ಸು ಹತ್ತಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡೆ. ಪಕ್ಕದಲ್ಲಿದ್ದವರು ಮೂಗಿಗೆ ಟವಲ್ ಹಿಡಿದು, ಎದ್ದು ಮುಂದಕ್ಕೆ ಹೋದರು. ಊರು ಬರುವತನಕ ಆ ಸೀಟು ಖಾಲಿಯೇ ಇತ್ತು. ಅಕ್ಕ ಇದ್ದಿದ್ದರೆ ಬಂದು ಕೂರುತ್ತಿದ್ದರು.