ನೆಂಟರು ಬಂದಿದ್ದಾರೆ

ಮೊನ್ನೆ ಕುಮಟಾದಿಂದ ತವರೂರು ಮಂಕಿಗೆ ಹೋಗುವಾಗ ಹೊನ್ನಾವರದಲ್ಲಿ ಊಟಕ್ಕೆಂದು ಇಳಿದಿದ್ದೆವು. ಹೋಟೆಲಿನ ಕೈ ತೊಳೆಯುವ ಜಾಗದಲ್ಲಿ ಕೆಂಪು ಸಾಬೂನಿನ ತುಂಡೊಂದು ಬಿದ್ದಿತ್ತು. ಯಾರದೋ ಕೂದಲು ಬೇರೆ ಅಂಟಿಕೊಂಡಿತ್ತು. ಥೂ! ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬಂತು. ಊಟ ಬಿಟ್ಟು ಹೊರಗೆ ಬಂದು ನಿಂತೆ. ಹಿಂದೆಯೇ ಬಂದ ನನ್ನ ಗಂಡ, "ಎಂತ ಆತು?" ಎಂದ. ಏನು ಹೇಳಲಿ? ಅದು ನನ್ನ ಅಪ್ಪನ ವಾಸನೆ ಎಂದರೆ ಕೇಳಿದವರು ಏನೆಂದುಕೊಂಡಾರು...

ಅಪ್ಪ ಮೀನುಗಾರ. ಸಣ್ಣದೊಂದು ದೋಣಿ, ಎರಡು ಬಲೆ, ಬೇಲೆಗೆ ಹತ್ತಿರದಲ್ಲೇ ಮನೆ. ಬೇಲೆಯೆಂದರೆ ನಮ್ಮ ಕಡೆ ಕಡಲ ದಂಡೆ. ಮೀನು ಹಿಡಿಯುವುದರ ಜೊತೆಗೆ ಅಪ್ಪನಿಗೆ ಇನ್ನೊಂದು ಕೆಲಸವಿತ್ತು. ಯಾರೂ ಕೊಟ್ಟದ್ದಲ್ಲ, ಯಾರೂ ಮಾಡದ್ದರಿಂದ ಅವನ ಪಾಲಿಗೆ ಬಂದದ್ದು. ಎಲ್ಲೋ ಹೊಳೆಗೆ ಬಿದ್ದವರು, ಈಜಲು ಹೋಗಿ ಮುಳುಗಿದವರು, ದೋಣಿ ಮಗುಚಿ ಸತ್ತವರು, ಹೀಗೆ ಯಾರದೋ ಹೆಣವನ್ನು ಕಡಲು ತಂದು ನಮ್ಮೂರ ಬೇಲೆಗೆ ಎಸೆಯುತ್ತಿತ್ತು. ಅದನ್ನು ಎತ್ತುವವನು ಅಪ್ಪ. ಉಬ್ಬಿ ಹೋದದ್ದು, ಮೀನು ಕಚ್ಚಿದ್ದು, ಹಿಡಿದರೆ ತೊಗಲು ಕೈಗೆ ಬರುವಂಥದ್ದು. ಊರಿನವರು ಮೂಗಿಗೆ ಬಟ್ಟೆ ಹಿಡಿದು ದೂರದಿಂದಲೇ "ಹಾಂಗೆ ಹಿಡಿ, ಹೀಂಗೆ ಹಿಡಿ" ಎಂದು ಬುದ್ಧಿ ಹೇಳುತ್ತಿದ್ದರು. ಅಪ್ಪ ಹಳೆಯ ಚಾದರ ಹಾಸಿ, ಹೆಣವನ್ನು ಅದರ ಮೇಲೆ ಹೊರಳಿಸಿ, ಮೇಲೆ ಎಳೆದು ತಂದು, ಪೊಲೀಸರು ಬರುವತನಕ ನಾಯಿ ಮುಟ್ಟದಂತೆ ಕಾಯುತ್ತ ಕೂರುತ್ತಿದ್ದ. ಆಮೇಲೆ ಮನೆಯ ಹಿಂದೆ ಬಾವಿಕಟ್ಟೆಯ ಹತ್ತಿರ ಸೀಮೆಎಣ್ಣೆ ಹಾಕಿ ಕೈ ತಿಕ್ಕಿಕೊಂಡು, ಕೆಂಪು ಸಾಬೂನು ಸವೆಯುವಷ್ಟು ತೊಳೆದುಕೊಂಡು ಒಳಗೆ ಬರುತ್ತಿದ್ದ. ಬಂದವನೇ ನಮ್ಮ ಎದುರಿಗೆ ಕೂತು ಗಂಜಿ ಉಣ್ಣುತ್ತಿದ್ದ, ಏನೂ ಆಗಿಲ್ಲವೆಂಬಂತೆ. ಆ ಕೈಯಿಂದ ಉಣ್ಣುವುದನ್ನು ನೋಡಿ ನನ್ನ ಮೈಯೆಲ್ಲ ಜುಂ ಎನ್ನುತ್ತಿತ್ತು.

ಆದರೆ ಅಪ್ಪ ಒಂದು ದಿನವೂ ಹೆಣ ಎಂಬ ಮಾತು ಆಡಿದವನಲ್ಲ. ನೆಂಟರು ಎನ್ನುತ್ತಿದ್ದ. ಮನೆಯಲ್ಲಿ ಸಣ್ಣ ಮಕ್ಕಳು ಹೆದರಬಾರದೆಂದು ಶುರು ಮಾಡಿದ್ದೋ ಏನೋ. ಕೊನೆಗೆ ಕೇರಿಗೆಲ್ಲ ಅದೇ ಮಾತು ಹತ್ತಿತು. "ಬೇಲೆಗೆ ನೆಂಟ್ರು ಬಂದಾರೆ" ಎಂದು ಯಾರಾದರೂ ಅಂಗಳದಲ್ಲಿ ಕೂಗಿದರೆ ಅಪ್ಪ ಉಣ್ಣುವ ಬಟ್ಟಲು ಬಿಟ್ಟು ಏಳುತ್ತಿದ್ದ. ನಿಜವಾದ ನೆಂಟರು ಬಂದರೆ ಅವರನ್ನು ನೆಂಟರು ಎನ್ನಲು ನಮಗೆ ಬಾಯಿ ಬರುತ್ತಿರಲಿಲ್ಲ. "ಜನ ಬಂದಾರೆ" ಎನ್ನುತ್ತಿದ್ದೆವು.

ಇನ್ನು ಊರಿನವರ ಕತೆ! ಕೂಗಿ ಕರೆಯುವವರು ಅವರೇ. ಸಂಜೆ ಚಾ ಅಂಗಡಿಯಲ್ಲಿ ಅಪ್ಪ ಬಂದು ಕೂತರೆ ಬೆಂಚಿನ ಆ ತುದಿಗೆ ಸರಿಯುವವರೂ ಅವರೇ. ಅಂಗಡಿಯ ಮಾಡಿಗೆ ಅಪ್ಪನದೇ ಒಂದು ಗ್ಲಾಸು ಸಿಕ್ಕಿಸಿಟ್ಟಿದ್ದರು. ಅವನು ಅದನ್ನು ತಾನೇ ತೆಗೆದು, ಕುಡಿದು, ತೊಳೆದು, ಮತ್ತೆ ಅಲ್ಲಿಯೇ ಇಡುತ್ತಿದ್ದ. ನನಗೆ ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ. ಹೆಣದ ವಾಸನೆಯಾದರೂ ತೊಳೆದರೆ ಹೋಗುತ್ತದೆ.

ನನಗೆ ಬಾಡದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ದೋಣಿಯ ಇಂಜಿನ್ ರಿಪೇರಿ ಮಾಡುವವನು, ನೋಡಲು ಲಕ್ಷಣವಾಗಿದ್ದ. ಸುಳ್ಳು ಯಾಕೆ, ನನಗೆ ಬಹಳ ಮನಸ್ಸಾಗಿತ್ತು. ಹೆಣ್ಣು ನೋಡಲು ಹುಡುಗ, ಅವನ ತಾಯಿ, ಸೋದರಮಾವ ಬಂದಿದ್ದರು. ಹುಡುಗನ ಅಣ್ಣನೊಬ್ಬ ಮೀನಿಗೆ ಹೋದವನು ದೋಣಿಯ ಮೇಲೆಯೇ ನೇರ ಬೇಲೆಗೆ ಬರುವವನಿದ್ದ. ಅವ್ವಿ, ಅಂದರೆ ನಮ್ಮಮ್ಮ, ಶಿರಾ ಮಾಡಿದ್ದಳು. ಎಲ್ಲರ ಮುಖವೂ ಚೆನ್ನಾಗಿತ್ತು. ಸೋದರಮಾವ ಆಗಲೇ ಅಪ್ಪನನ್ನು "ಬಾವಾ, ಬಾವಾ" ಎನ್ನಲು ಶುರು ಮಾಡಿದ್ದ.

ಅಷ್ಟರಲ್ಲಿ ಪಕ್ಕದ ಮನೆಯವ ಓಡಿ ಬಂದು ಅಂಗಳದಿಂದಲೇ ಕೂಗಿದ. "ಬೇಲೆಗೆ ನೆಂಟ್ರು ಬಂದಾರೆ!"

ಅವ್ವಿಯ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಅಪ್ಪ ಎದ್ದ. ಸೋದರಮಾವ ಅವನಿಗಿಂತ ಮೊದಲು ಎದ್ದ.

"ಬಂದ್ನಾ ನಮ್ಮ ದೊಡ್ಡ ಹುಡ್ಗ? ನೀವು ಕೂತ್ಕಣಿ ಬಾವಾ, ನಾನೇ ಕರ್ಕಂಡ್ ಬತ್ತೆ."

"ನೀವು ಬರೂದ್ ಬೇಡ," ಎಂದ ಅಪ್ಪ. "ಅವ್ರು ಬೇರೆಯವ್ರು."

"ನೆಂಟ್ರಲ್ಲಿ ಬೇರೆಯವ್ರು ಎಂತ ಮಾರಾಯ್ರೇ!" ಎಂದು ನಗುತ್ತ ಆ ಮನುಷ್ಯ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ಶುಭಕಾರ್ಯದ ಮನೆಯಲ್ಲಿ ಬಾಯಿ ಬಿಟ್ಟು ಹೇಳುವುದು ಹೇಗೆ? ಅಪ್ಪ ಚಾದರ ಹಿಡಿದು ಹಿಂದೆಯೇ ಓಡಿದ.

ಉಳಿದದ್ದನ್ನು ಪಕ್ಕದ ಮನೆಯವ ಆಮೇಲೆ ಹೇಳಿದ. ಸೋದರಮಾವ ಬೇಲೆಯಲ್ಲಿ ಗುಂಪು ಕಂಡು, ಜನರನ್ನು ಸರಿಸಿಕೊಂಡು, "ಬಾ ಬಾ, ಎಷ್ಟೊತ್ತು ಮಾಡ್ದೆ!" ಎನ್ನುತ್ತ ಮುಂದೆ ಹೋದನಂತೆ. ಹೋದವನು ನೇರ ಅದರ ಮುಖಕ್ಕೇ ಬಗ್ಗಿದನಂತೆ. ತಿಂದ ಶಿರಾ ಅಷ್ಟೂ ಬೇಲೆಯ ಮರಳಿನ ಮೇಲೆ ಹೋಯಿತು. ಅವನನ್ನು ಇಬ್ಬರು ಹಿಡಿದು ಮನೆಗೆ ತಂದರು. ಅಪ್ಪ ಬಂದದ್ದು ಕತ್ತಲಾಗುವ ಹೊತ್ತಿಗೆ, ಕೈ ತೊಳೆದುಕೊಂಡು.

ಅಲ್ಲಿಯವರೆಗೂ ಅವರು ಎದ್ದು ಹೋಗಿರಲಿಲ್ಲ. ಹುಡುಗನಿಗೂ ನನ್ನ ಮೇಲೆ ಮನಸ್ಸಿತ್ತು ಎಂದು ಕಾಣುತ್ತದೆ. ಸೋದರಮಾವ ನೀರು ಸಹ ಮುಟ್ಟದೆ ಜಗುಲಿಯಲ್ಲಿ ಕೂತಿದ್ದ. "ಆದದ್ದು ಆತು. ಇನ್ಮೇಲೆ ಈ ಹೇಸಿಗೆ ಕೆಲ್ಸ ಬಿಟ್ಟೆ ಅಂತ ದೇವ್ರ ದೀಪದ ಎದುರು ಒಂದ್ ಮಾತು ಹೇಳಿ. ನಮ್ಮ ಮನೆಗೆ ಹೆಣ್ಣು ತಕಂತೇವೆ," ಎಂದ.

ಅವ್ವಿ ಅಪ್ಪನ ಹತ್ತಿರ ಬಂದು, "ಒಂದ್ ಮಾತು ಹೇಳ್ಬಿಡಿ," ಎಂದು ಅತ್ತಳು. ಅಪ್ಪ ದೀಪದ ಕಡೆ ತಿರುಗಲಿಲ್ಲ.

"ಇವ್ರು ಹೇಳೂದಿಲ್ಲ. ಹುಡ್ಗಿನೇ ಕೇಳ್ವ," ಎಂದ ಸೋದರಮಾವ. "ಅವ್ಳಿಗೆ ಮದುವೆ ಬೇಕೋ, ಅಪ್ಪ ಹೊರೂ ಹೆಣ ಬೇಕೋ."

ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಅಪ್ಪ ಆಗ ಬಾಯಿ ಬಿಟ್ಟ.

"ಅವ್ಳ ಬಾಯಲ್ಲಿ ಹೇಳ್ಸೂದು ಬೇಡ ಬಾವಾ. ನಾನೇ ಹೇಳ್ತೆ. ನಾ ಬಿಟ್ರೆ ನಾಯಿ ಎಳೀತದೆ. ಅದು ಯಾರ್ದೋ ಮನೆದು. ನನ್ ಕೈಲಿ ಆಗೂದಿಲ್ಲ."

ಸಂಬಂಧ ಮುರಿಯಿತು. ನಾನು ಅಪ್ಪನ ಜೊತೆ ಎಷ್ಟೋ ದಿನ ಮಾತಾಡಲಿಲ್ಲ. ಈ ಮನುಷ್ಯನಿಗೆ ಹೇಸಿಗೆ ಎಂಬುದೇ ಇಲ್ಲ, ಅದಕ್ಕೇ ಬಿಡಲಾರ ಎಂದುಕೊಂಡೆ. ಆಮೇಲೆ ಕುಮಟಾಕ್ಕೆ ಮದುವೆಯಾಗಿ ಬಂದೆ. ಗಂಡ ಒಳ್ಳೆಯವನೇ. ಸಿಟ್ಟು ಯಾವಾಗಲೋ ಕರಗಿತು, ಅಪ್ಪನ ಮೇಲೆ ಅಭಿಮಾನವೂ ಹುಟ್ಟಿತು. ಆದರೆ ಅವನಿಗೆ ಹೇಸಿಗೆ ಇರಲಿಲ್ಲ ಎಂಬ ಮಾತು ಮಾತ್ರ ತಲೆಯಲ್ಲಿ ಹಾಗೆಯೇ ಕೂತಿತ್ತು...

ಅಪ್ಪ ಹೋಗಿ ಒಂದು ವರ್ಷ. ಮೊನ್ನೆ ನಾವು ಮಂಕಿಗೆ ಹೊರಟದ್ದು ಊರಿನವರು ಇಟ್ಟ ಸ್ಮರಣೆಯ ಕಾರ್ಯಕ್ರಮಕ್ಕೆ. ದೊಡ್ಡ ಫ್ಲೆಕ್ಸು, ಅದರಲ್ಲಿ ಅಪ್ಪನ ಮುಖ, ಕೆಳಗೆ ಅದಕ್ಕಿಂತ ದೊಡ್ಡದಾಗಿ ಹಾಕಿಸಿದವರ ಮುಖಗಳು. ಬೆಂಚಿನ ತುದಿಗೆ ಸರಿಯುತ್ತಿದ್ದವರೇ ಮುಂದಿನ ಸಾಲಿನಲ್ಲಿ ಹಾರ ಹಿಡಿದು ನಿಂತಿದ್ದರು. ಹೋದ ಮಳೆಗಾಲದಲ್ಲಿ ಬೇಲೆಗೆ ಬಂದ ಹೆಣವನ್ನು ಎತ್ತದೆ ಮೊಬೈಲಿನಲ್ಲಿ ವಿಡಿಯೋ ಮಾಡಿದವರೂ ಅವರಲ್ಲಿದ್ದರು. ಛೀ, ನನಗೆ ಆ ಫ್ಲೆಕ್ಸು ಹರಿದು ಹಾಕುವಷ್ಟು ವಾಕರಿಕೆ ಬಂತು. ಭಾಷಣದವನೊಬ್ಬ ಮೈಕು ಹಿಡಿದು, "ಅವರಿಗೆ ಹೇಸಿಗೆ ಎಂಬುದೇ ಇರಲಿಲ್ಲ, ಕಲ್ಲಿನಂಥ ಮನುಷ್ಯ," ಎಂದ. ಜನ ಚಪ್ಪಾಳೆ ತಟ್ಟಿದರು.

ನನ್ನ ಪಕ್ಕದಲ್ಲಿ ಕೂತಿದ್ದ ಅವ್ವಿ ತನ್ನಷ್ಟಕ್ಕೆ ಎಂಬಂತೆ, "ಎಂತ ಇರ್ಲಿಲ್ಲ?" ಎಂದಳು. "ಪ್ರತಿ ಸಲ ಬಾವಿಕಟ್ಟೆ ಹಿಂದೆ ಕೂತು ಕಾರ್ತಿದ್ರು. ಕರುಳು ಬಾಯಿಗೆ ಬರೂ ಹಾಂಗೆ. ನಾನೇ ಬೆನ್ನು ನೀವ್ತಿದ್ದೆ. ಮಕ್ಕಳಿಗೆ ಹೇಳ್ಬೇಡ, ಅವ್ರೂ ಉಣ್ಣೂದಿಲ್ಲ ಅಂತಿದ್ರು. ಆ ಬಾಡದವ್ರು ಬಂದ ದಿನಾನೂ ಅಷ್ಟೇ. ಕಾರಿ, ಮುಖ ತೊಳ್ಕಂಡೇ ಜಗುಲಿಗೆ ಬಂದದ್ದು."

ಭಾಷಣ ಮುಂದುವರಿದಿತ್ತು, ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಆ ಸಂಜೆ ದೀಪದ ಎದುರು ಬಿಟ್ಟೆ ಎಂದಿದ್ದರೆ ಅಪ್ಪ ಆ ಹಿಂಸೆಯಿಂದ ಶಾಶ್ವತವಾಗಿ ಪಾರಾಗುತ್ತಿದ್ದ. ಮಗಳಿಗಾಗಿ ಬಿಟ್ಟ ಎಂದು ಊರೇ ಹೊಗಳುತ್ತಿತ್ತು. ನನ್ನ ಮದುವೆಯೂ ಆಗುತ್ತಿತ್ತು. ಆಗೂದಿಲ್ಲ ಎಂದ ಮನುಷ್ಯನ ಹೊಟ್ಟೆ ಆಗ ಇನ್ನೂ ತೊಳಸುತ್ತಲೇ ಇತ್ತು.

ಅಪ್ಪಾ, ಎಷ್ಟು ಅಸಹ್ಯವಾಗುತ್ತಿತ್ತು ನಿನಗೆ ಎಂದು ಒಂದು ಸಲ ಕೇಳಬೇಕೆನಿಸುತ್ತದೆ. ಕೇಳಿಸಿಕೊಳ್ಳಲು ಅಪ್ಪ ಇಲ್ಲ.