ನನ್ನ ತಟ್ಟೆಗೆ ಬಂದ ಪಲ್ಯ

1987ರಲ್ಲಿ ಏಳನೇ ಕ್ಲಾಸಿಗೆ ಓದು ಬಿಟ್ಟೆ. ಅವತ್ತಿಂದ ಕಟ್ಟೆಮಳಲವಾಡಿಯ ನಮ್ಮ ಹೊಲದಲ್ಲಿ ನನ್ನ ಸಮಕ್ಕೆ ದುಡಿದವರಿಲ್ಲ. ಯಾರ ಹತ್ತಿರವೂ ಬುದ್ಧಿ ಹೇಳಿಸಿಕೊಂಡವನಲ್ಲ.

ಹೋದ ವರ್ಷ ಎಡಗಾಲಿನ ಹೆಬ್ಬೆರಳಿಗೆ ಕೊಯ್ದ ಹೊಲದ ರಾಗಿ ಕೂಳೆ ಚುಚ್ಚಿತು. ನೋವೇ ಗೊತ್ತಾಗಲಿಲ್ಲ. ತಿಂಗಳಾದರೂ ಗಾಯ ಮಾಯಲಿಲ್ಲ. ಹುಣಸೂರಿನಲ್ಲಿ ಡಾಕ್ಟರು ಬ್ಲಡ್ ಟೆಸ್ಟ್ ಮಾಡಿಸಿ, "ಶುಗರ್ ತುಂಬಾ ಜಾಸ್ತಿ ಇದೆ. ಹಿಂಗೇ ಇದ್ರೆ ಬೆರಳು ಉಳಿಯೋದು ಕಷ್ಟ" ಅಂದರು.



ಮಾತ್ರೆ ನುಂಗಿದೆ, ಡ್ರೆಸ್ಸಿಂಗ್ ಮಾಡಿಸಿದೆ. ಅನ್ನ ಬಿಟ್ಟು ಅದರ ಬದಲು ಇನ್ನೊಂದು ಮುದ್ದೆ ಹಾಕಿಸಿಕೊಂಡೆ. ರಾಗಿ ತಿಂದಷ್ಟೂ ಶುಗರ್ ಇಳಿಯುತ್ತೆ ಅಂತ ಊರಿಗೆಲ್ಲ ನಾನೇ ಹೇಳಿಕೊಂಡು ಬಂದೆ. ಹೊತ್ತಿಗೆ ಮೂರು ಮುದ್ದೆ. ಹೊಟ್ಟೆ ಕಲ್ಲಾಯಿತು. ಮೂರು ದಿನಕ್ಕೊಮ್ಮೆ ಹೊರಕಡೆಗೆ ಹೋದರೆ ಹೆಚ್ಚು. ಶುಗರ್ ಮಾತ್ರ ಇದ್ದಲ್ಲೇ ಇತ್ತು.

ಡಾಕ್ಟರು ಡಯಟಿಶಿಯನ್ ಹತ್ತಿರ ಕಳಿಸಿದರು. ನನ್ನ ಮಗಳ ವಯಸ್ಸಿನ ಹುಡುಗಿ.

"ಯಜಮಾನ್ರೇ, ಮುದ್ದೆ ಎಷ್ಟು ದಪ್ಪ?"

ಕೈಯಲ್ಲಿ ತೋರಿಸಿದೆ.

"ತೆಂಗಿನಕಾಯಿ ಗಾತ್ರ ಆಯ್ತಲ್ಲ. ಸೊಪ್ಪು, ಕಾಳು ತಿಂತೀರಾ?"

"ದಿನಾ ಬಸ್ಸಾರೇ ಕಣವ್ವ" ಅಂದೆ ಗತ್ತಿನಿಂದ.

ಪಕ್ಕದಲ್ಲಿದ್ದ ನನ್ನ ಹೆಂಡತಿ ಜಯಮ್ಮ ಸುಮ್ಮನಿರಲಿಲ್ಲ. "ಬಸಿದ ಕಟ್ಟಿನ ಸಾರು ಇವ್ರಿಗೆ. ಉಳಿದ ಸೊಪ್ಪು ಕಾಳು ಪಲ್ಯ ಆಯ್ತದಲ್ಲ, ಅದು ನನ್ಗೆ. ಮೂವತ್ತು ವರ್ಷ ಆಯ್ತು, ಇವ್ರು ಮುಟ್ಟಿಲ್ಲ. ಮುದ್ದೆ ನುಂಗೋ ಗಂಡ್ಸು ಸೊಪ್ಪು ಅಗೀತಾ ಕೂತ್ಕತಾನಾ ಅಂತಾರೆ."

ನಿಜ. ನಾನು ಹೇಳಿದ್ದೇ ಹಾಗೆ.

ಹುಡುಗಿ ನಗಲಿಲ್ಲ. "ಸೊಪ್ಪು ಕಾಳಿನ ನಾರೆಲ್ಲ ಅವರ ತಟ್ಟೇಲೇ ಉಳೀತು. ಮೊದಲು ಪಲ್ಯ ತಿನ್ನಿ, ಆಮೇಲೆ ಒಂದೇ ಸಣ್ಣ ಮುದ್ದೆ. ನಾರು ಇದ್ರೆ ಶುಗರ್ ನಿಧಾನಕ್ಕೆ ಏರುತ್ತೆ, ಹೊಟ್ಟೇನೂ ಸಲೀಸಾಗುತ್ತೆ. ಮಾತ್ರೆ ಬಿಡಬೇಡಿ."

ಮೊದಲ ವಾರ ಹೊಟ್ಟೆಯೆಲ್ಲ ಗುಡುಗುಡು. ಒಂದೇ ಸಲಕ್ಕೆ ತಟ್ಟೆ ತುಂಬ ತಿಂದಿದ್ದೆ. ಆಮೇಲೆ ಒಂದು ಸೌಟು, ತಿಂಗಳಾದ ಮೇಲೆ ಎರಡು. ನೀರು ಜಾಸ್ತಿ ಕುಡಿದೆ. ಬೆಳಿಗ್ಗೆಯ ಕಷ್ಟ ತಪ್ಪಿತು. ನಾಲ್ಕನೇ ತಿಂಗಳ ಟೆಸ್ಟಿನಲ್ಲಿ ಶುಗರ್ ಇಳಿದಿತ್ತು, ಗಾಯಕ್ಕೆ ಹೊಸ ಚರ್ಮ ಬಂದಿತ್ತು. ಡಾಕ್ಟರು ಬೆರಳನ್ನು ಒತ್ತಿ ನೋಡಿ, "ಉಳಿಸ್ಕೊಂಡ್ರಿ" ಅಂದರು. ಉಳಿಸಿದ್ದು ನಾನೊಬ್ಬನೇ ಅಲ್ಲ. ಅವತ್ತು ಜಯಮ್ಮ ಬಾಯಿ ಬಿಡದೆ ಇದ್ದಿದ್ದರೆ ನಾನು ಗತ್ತಿನಲ್ಲೇ ಕುಂಟುತ್ತಾ ಮನೆಗೆ ಬರುತ್ತಿದ್ದೆ.

ಈಗ ಜಯಮ್ಮ ಎರಡರಷ್ಟು ಸೊಪ್ಪು ಬಿಡಿಸುತ್ತಾಳೆ. "ನನ್ ಪಾಲಿಗೂ ಬಂದ್ಬುಟ್ರಲ್ಲ" ಅಂತ ಬೈಯುತ್ತಾಳೆ. ಬೈಯಲಿ. ಪಕ್ಕದಲ್ಲಿ ಕೂತು ಸೊಪ್ಪಿನ ಬೇರು ಕತ್ತರಿಸಿ ಕೊಡುತ್ತೇನೆ.

ನನಗೀಗ ಇರುವುದು ಇಷ್ಟು. ಹೊತ್ತಿಗೆ ಒಂದು ಮುದ್ದೆ. ಎರಡು ಸೌಟು ಪಲ್ಯ. ದಿನಕ್ಕೆ ಎರಡು ಮಾತ್ರೆ. ಕಾಲಲ್ಲಿ ಹತ್ತು ಬೆರಳು.